ಹಳೆಯ ಗಾಡಿಯ ಅಟ್ಟ

ಕ್ವಾರ್ಟ್ಸೈಟ್, ಅರಿಝೋನಾ
ಜನವರಿ 18, 2009

ಟ್ವೈಲಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ಕಸದ ಡಬ್ಬಿಗೆ ಹಾಕಬೇಕು ಅನ್ನಿಸಿದ್ದರೆ ಹಾಕು. ಆದರೆ ಓದಿ ಹಾಕು. ಫೋನ್ ಮಾಡಬೇಡ ಅಂತ ನೀನು ಅಂದಿದ್ದೆ, ನಾನು ಮಾಡಿಲ್ಲ. ಪತ್ರ ಬರೆಯಬೇಡ ಅಂತ ನೀನು ಹೇಳಿದ ನೆನಪು ನನಗಿಲ್ಲ.

ಸುದ್ದಿ ಇಷ್ಟು. ನಾವು ಮನೆ ಮಾಡಿಕೊಂಡು ಓಡಾಡುತ್ತಿದ್ದ ದೊಡ್ಡ ಮೋಟಾರ್‌ಹೋಮ್ ಕೊಟ್ಟುಬಿಟ್ಟೆ. ಅದರ ಬದಲಿಗೆ ಹಳೆಯದೊಂದನ್ನು ತಂದಿದ್ದೇನೆ.

ನಿನ್ನಪ್ಪನ ಮರೆವು ಈಗ ಬರೀ ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವಲ್ಲ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ, ಆ ಹೆಸರು ನಿನಗೂ ಗೊತ್ತು. ಹೋದ ಅಕ್ಟೋಬರಿನಲ್ಲಿ ಲೈಸೆನ್ಸ್ ಕಿತ್ತುಕೊಂಡರು. ಅಲ್ಲಿಂದ ಮುಂದೆ ಬಸ್ಸಿನಷ್ಟುದ್ದದ ಆ ಗಾಡಿ ನನ್ನ ಕೈಗೆ ಬಂತು. ನಾನು ಓಡಿಸಿದ ಮೊದಲ ವಾರವೇ ಬ್ಲೈತ್ ಊರಿನ ಪೆಟ್ರೋಲ್ ಬಂಕಿನ ಕಂಬವನ್ನು ಸವರಿಕೊಂಡು ಹೋದೆ. ಕಂಬಕ್ಕೆ ಏನೂ ಆಗಲಿಲ್ಲ. ಮೇಲಾಗಿ ಅದರ ಕಂತು, ಅದರ ಡೀಸೆಲ್, ಇವರ ಮಾತ್ರೆ. ಮೂರನ್ನೂ ತೂಗಿಸಲು ಆಗುತ್ತಿರಲಿಲ್ಲ, ಗಾಡಿ ಬಿಟ್ಟೆ.

ಮಾರುವ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಲ್ಲಿ ಜನ ಸಾಮಾನ್ಯವಾಗಿ ಚಿಕ್ಕದರಿಂದ ದೊಡ್ಡದಕ್ಕೆ ಹತ್ತುತ್ತಾರೆ, ನೀವು ಇಳಿಯುತ್ತಿದ್ದೀರಿ ಅಂದ. ನನ್ನ ವಯಸ್ಸಿನಲ್ಲಿ ಏಣಿ ಹತ್ತುವುದಕ್ಕಿಂತ ಇಳಿಯುವುದೇ ಕ್ಷೇಮ ಅಂದೆ. ಈಗ ತಂದಿರುವುದು 1986ರದ್ದು. ಮೈಮೇಲೆ ಕಂದು ಪಟ್ಟೆ, ಒಳಗೆ ಕಿತ್ತಳೆ ಚೌಕಳಿಯ ಸೀಟು, ಯಾವುದೋ ನಾಯಿಯ ವಾಸನೆ. ಡ್ರೈವರನ ತಲೆಯ ಮೇಲೆ ಟೋಪಿಯ ಅಂಚಿನ ಹಾಗೆ ಮುಂದಕ್ಕೆ ಚಾಚಿದ ಒಂದು ಅಟ್ಟ ಇದೆ, ಅದರಲ್ಲೊಂದು ಹಾಸಿಗೆ. ಅಲ್ಲಿ ಚಳಿಗಾಲದ ಕೋಟುಗಳನ್ನು ತುರುಕಿದ್ದೇನೆ.

ಮರೆವಿನವರಿಗೆ ಜಾಗ ಬದಲಾಯಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ಹಾಗಾಗಿ ನಾನು ಬಹಳ ಜಾಣತನ ಮಾಡಿದೆ. ಪಕ್ಕದ ಗಾಡಿಯ ಲವೊನ್ ಗೊತ್ತಲ್ಲ, ಎರಡು ನಾಯಿ ಸಾಕಿರುವ ವಿಧವೆ, ಅವಳು ಇವರನ್ನು ಇಸ್ಪೀಟಿಗೆ ಕೂರಿಸಿಕೊಂಡಳು. ಅಷ್ಟರಲ್ಲಿ ನಾನು ಹೋಗಿ ಅದನ್ನು ಕೊಟ್ಟು ಇದನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸಿದೆ. ಸುತ್ತ ಇವರೇ ಜೋಡಿಸಿದ ಅದೇ ಕಲ್ಲುಗಳು. ಬಾಗಿಲ ಮುಂದೆ ಅದೇ ಹಸಿರು ಚಾಪೆ. "ವೆಂಡೆಲ್ ಮತ್ತು ಆರ್ಡಿತ್" ಅಂತ ಕೊರೆದ ಅದೇ ಮರದ ಫಲಕ. ಎದುರಿಗೆ ಅದೇ ಬೋಳು ಗುಡ್ಡ. ಒಂದು ಕಲ್ಲೂ ಕದಲಿಲ್ಲ.

ಇಸ್ಪೀಟು ಮುಗಿಸಿ ಬಂದರು. ಹೊರಗಿನ ಕುರ್ಚಿಯಲ್ಲಿ ಕೂತಿದ್ದಾರೆ. ಒಳಗೆ ಇನ್ನೂ ಬಂದಿಲ್ಲ. ಬರುತ್ತಾರೆ, ಹೊಸದಲ್ಲವೇ.

ನಿನ್ನ ಅಮ್ಮ


ಕೌನ್ಸಿಲ್ ಬ್ಲಫ್ಸ್, ಅಯೋವಾ
ಫೆಬ್ರವರಿ 3

ಅಮ್ಮ,

ಓದಿದೆ. ಮನೆ ಬದಲಾಯಿಸಿದ ಸುದ್ದಿಯನ್ನು ಈ ಸಲ ನೀನೇ ತಿಳಿಸಿದ್ದಕ್ಕೆ ಉಪಕಾರ. ಎಂಟು ವರ್ಷದ ಹಿಂದೆ ಅದನ್ನು ನನಗೆ ತಿಳಿಸಿದ್ದು ಪರದೆಗಳು. ಮರೆತಿದ್ದರೆ ನೆನಪಿಸುತ್ತೇನೆ: ಗಂಡನನ್ನು ಬಿಟ್ಟು ಎರಡು ಸೂಟ್‌ಕೇಸ್ ಹಿಡಿದು ನಾನು ರೆಡ್ ಓಕ್ ಊರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಅಡುಗೆಮನೆಯ ಕಿಟಕಿಯಲ್ಲಿ ಯಾರದ್ದೋ ಹಳದಿ ಪರದೆ. ಒಳಗಿನಿಂದ ಬಂದ ಹೆಂಗಸು ಯಾರು ಬೇಕಿತ್ತು ಅಂತ ಕೇಳಿದಳು. ವಸಂತದಲ್ಲಿ ಮಾರುತ್ತೇವೆ ಅಂದವರು ಚಳಿಗಾಲಕ್ಕೆ ಮೊದಲೇ ಮಾರಿ ಹೊರಟಿದ್ದಿರಿ. ನಾನು ಆ ಮೆಟ್ಟಿಲ ಮೇಲಿದ್ದಾಗ ನೀವಿಬ್ಬರೂ ಟೆಕ್ಸಸ್ಸಿನಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತಿದ್ದಿರಿ. ನೀನು ಫೋಟೋ ಕೂಡ ಕಳಿಸಿದ್ದೆ.

ಜಗಳಕ್ಕೆ ಬರೆದದ್ದಲ್ಲ. ಶಾಲೆಯ ಅಡುಗೆಮನೆಯಲ್ಲಿ ಇಡೀ ದಿನ ನಿಂತು ಬಂದವಳಿಗೆ ಜಗಳಕ್ಕೂ ತ್ರಾಣ ಇರುವುದಿಲ್ಲ.

ಅಪ್ಪ ಒಳಗೆ ಬಂದನೇ? ಅದನ್ನಷ್ಟು ಬರೆ.

ಟ್ವೈಲಾ


ಕ್ವಾರ್ಟ್ಸೈಟ್
ಮಾರ್ಚ್ 1

ಟ್ವೈಲಾ,

ಬಂದರು. ಆದರೆ ನೆಂಟರ ಹಾಗೆ.

ಚಳಿಗಾಲ ಕಳೆಯಲು ಗಾಡಿಗಳವರು ಬೀಡುಬಿಡುವ ನಮ್ಮ ಈ ಬಯಲಿನಲ್ಲಿ ಒಂದು ಮರ್ಯಾದೆ ಇದೆ, ನಿನಗೂ ಗೊತ್ತಿದೆ. ಇನ್ನೊಬ್ಬರ ಗಾಡಿಯ ಮೆಟ್ಟಿಲ ಮೇಲೆ ಯಾರೂ ಕರೆಯದೆ ಕಾಲಿಡುವುದಿಲ್ಲ. ಹೊರಗೆ ನಿಂತು ಕೂಗಬೇಕು, ಒಳಗಿನವರು ಬನ್ನಿ ಅಂದ ಮೇಲೇ ಹತ್ತಬೇಕು. ನಿನ್ನಪ್ಪನಿಗೆ ನನ್ನ ಗುರುತು ಜಾರಿದೆ, ಈ ಮರ್ಯಾದೆ ಜಾರಿಲ್ಲ. ದಿನಾ ಸಂಜೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಲ್ಲುತ್ತಾರೆ. ನಾನು ಬನ್ನಿ ಅನ್ನುತ್ತೇನೆ. ಚಾಪೆಗೆ ಬೂಟು ಒರೆಸಿ, ಬಗ್ಗಿ ಒಳಗೆ ಬಂದು, ಸೀಟಿನ ತುದಿಯಲ್ಲಿ ಕೂರುತ್ತಾರೆ. ಕಾಫಿ ಕೊಡುತ್ತೇನೆ, ಶುಂಠಿ ಬಿಸ್ಕತ್ತು ಕೊಡುತ್ತೇನೆ. ಒಂದೇ ಬಿಸ್ಕತ್ತು ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಡಬ್ಬಿಯನ್ನೇ ಬರಿದು ಮಾಡುತ್ತಿದ್ದ ಮನುಷ್ಯ!

ಮೊದಲ ದಿನ ಕಾಫಿ ಕುಡಿದು ಸುತ್ತ ನೋಡಿ, ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂದರು. ಆಮೇಲೆ ದನಿ ತಗ್ಗಿಸಿದರು.

"ನನ್ನ ಹೆಂಡ್ತಿಗೆ ಹೇಳ್ಬೇಡಿ ಮತ್ತೆ. ಅವಳ ಕಾಫಿಗಿಂತ ನಿಮ್ದು ಚೆನ್ನಾಗಿದೆ. ನಲವತ್ತಾರು ವರ್ಷ ಆ ಬಣ್ಣದ ನೀರು ಕುಡ್ಕೊಂಡು ಬಂದಿದೀನಿ."

ನನಗೆ ನಗು ಬಂತು, ಟ್ವೈಲಾ. ಅದೇ ಡಬ್ಬಿಯ ಪುಡಿ, ಅದೇ ಕೈ. ನಗುತ್ತಿದ್ದಂತೆಯೇ ಅವರು ಎದ್ದು ಟೋಪಿ ಹಾಕಿಕೊಂಡರು. ಇನ್ನೂ ಸ್ವಲ್ಪ ಕೂರಿ ಅಂದೆ.

"ಇಲ್ಲ, ಹೊರಡ್ತೀನಿ. ನಮ್ ಗಾಡಿ ಎಲ್ಲೋ ಇಲ್ಲೇ ಇದೆ. ನಾನಿಲ್ದೆ ಅವಳು ಗಾಡಿ ಎತ್ತಲ್ಲ. ಕಾಯ್ತಾ ಕೂತಿರ್ತಾಳೆ, ಪಾಪ."

ಹೇಳಿ ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ. ನಾನೇ ಆರ್ಡಿತ್ ಅಂದೆ, ಉಂಗುರ ತೋರಿಸಿದೆ, ಫಲಕ ತೋರಿಸಿದೆ. ಆ ಫಲಕವನ್ನು ಬೆರಳಿನಿಂದ ಸವರಿ ನೋಡಿ, ಇದು ನಮ್ಮದು, ಇಲ್ಲಿಗೆ ಹೇಗೆ ಬಂತು ಅಂತ ನನ್ನನ್ನೇ ಅನುಮಾನದಿಂದ ನೋಡಿದರು. ಕಳ್ಳಿ ಸಿಕ್ಕಿಬಿದ್ದ ಹಾಗೆ ನಾನು ತಲೆ ತಗ್ಗಿಸಿದೆ.

ಎಂಥ ಪೆದ್ದಿ ನಾನು. ಜಾಗ ಬದಲಾಯಿಸಬೇಡಿ ಅಂದರು ಅಂತ ಕಲ್ಲು, ಗುಡ್ಡ, ಚಾಪೆ ಕಾಪಾಡಿಕೊಂಡು ಕೂತೆ. ನಮಗೆ ಯಾವಾಗ ನೆಲ ಜಾಗವಾಗಿತ್ತು? ಎಂಟು ವರ್ಷ ದಿನಕ್ಕೊಂದು ಊರಿನಲ್ಲಿ ಎದ್ದಿದ್ದೇವೆ. ಕಿಟಕಿಯಾಚೆ ಒಂದು ದಿನ ಸಮುದ್ರ, ಒಂದು ದಿನ ಜೋಳದ ಹೊಲ, ಇನ್ನೊಂದು ದಿನ ಅಂಗಡಿಯ ಹಿಂಬಾಗಿಲು. ಇವರು ಎದ್ದು ಕತ್ತಲಲ್ಲೇ ಕೈ ಚಾಚಿದರೆ ಸ್ವಿಚ್ಚು ಅದೇ ಜಾಗದಲ್ಲಿ ಸಿಗುತ್ತಿತ್ತು. ಅದೇ ಮನೆ. ಆ ಮನೆಯನ್ನು ಇಸ್ಪೀಟಾಡುವ ಹೊತ್ತಿನಲ್ಲಿ ಮಾರಿ ಬಂದು, ಅಂಗಳ ಹಾಗೇ ಇದೆಯಲ್ಲ ಅಂತ ಬೀಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು.

ಅಂಗಡಿಗೆ ಹೋಗಿ ಕೈ ಮುಗಿದು ಕೇಳಿದೆ, ಅದನ್ನು ವಾಪಸ್ ಕೊಡಿ ಅಂತ. ಮಾರಾಟವಾಗಿದೆ. ಆರೆಗನ್ ಕಡೆಯ ದಂಪತಿ ಕೊಂಡು ಹೊರಟೂ ಹೋಗಿದ್ದಾರೆ.

ಈಗ ಹೊರಗೆ ಕುರ್ಚಿಯಲ್ಲೇ ಮಲಗುತ್ತಾರೆ, ನಾನು ಇನ್ನೊಂದು ಕುರ್ಚಿಯಲ್ಲಿ. ಕಂಬಳಿ ಹೊದಿಸಿದರೆ ಥ್ಯಾಂಕ್ಸ್ ಅನ್ನುತ್ತಾರೆ. ನನ್ನ ಕಣ್ಣು ಹತ್ತಿದರೆ ಸಾಕು, ಹೆಂಡತಿಯನ್ನು ಹುಡುಕಿಕೊಂಡು ಹೊರಟಿರುತ್ತಾರೆ. ಹೋದ ವಾರ ಹೆದ್ದಾರಿಯ ಅಂಚಿನಲ್ಲಿ ಲಾರಿಗಳಿಗೆ ಕೈ ಅಡ್ಡ ಹಾಕುತ್ತಿದ್ದರಂತೆ. ಕರೆತಂದ ಪೊಲೀಸಿನ ಹುಡುಗ ಒಳ್ಳೆಯವನೇ. ಆದರೆ ಖಡಾಖಂಡಿತ ಹೇಳಿ ಹೋದ: ಇನ್ನೊಮ್ಮೆ ಹೀಗಾದರೆ ಬರೆದುಕೊಳ್ಳದೆ ಬಿಡುವಂತಿಲ್ಲ, ಆಮೇಲೆ ಇವರನ್ನು ಆರೈಕೆ ಮನೆಗೆ ಸೇರಿಸುತ್ತಾರೆ. ಬೀಗ ಹಾಕುವ ಮನೆ.

ಏಪ್ರಿಲ್ ಮಧ್ಯಕ್ಕೆ ಈ ಬಯಲು ಖಾಲಿ ಮಾಡಬೇಕು. ಮಾಡದಿದ್ದರೆ ಬಿಸಿಲೇ ಮಾಡಿಸುತ್ತದೆ. ಫ್ಲ್ಯಾಗ್‌ಸ್ಟಾಫಿನ ಪೈನ್ ಮರಗಳ ತಂಪಿಗೆ ಹೋಗೋಣ ಅಂತ ನಿನ್ನೆ ಹೇಗೋ ಪುಸಲಾಯಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಗಾಡಿ ಅಲುಗಿದ ಕೂಡಲೇ ಬಾಗಿಲು ತೆಗೆದು ಇಳಿಯಲು ಹೋದರು. ಬೇರೆ ಹೆಂಗಸಿನ ಜೊತೆ ಊರು ಬಿಟ್ಟು ಹೋದ ಅಂತ ಹೆಂಡತಿ ತಿಳಿದುಕೊಳ್ಳುತ್ತಾಳಂತೆ.

ಯಾರನ್ನು ಬೈಯಲಿ, ಹೇಳು. ನನ್ನ ಗಂಡ ನನಗೆ ನಿಷ್ಠೆಯಿಂದ ಇದ್ದಾನೆ, ಅದಕ್ಕೇ ನನ್ನ ಜೊತೆ ಬರುತ್ತಿಲ್ಲ.

ಅಮ್ಮ


ಕೌನ್ಸಿಲ್ ಬ್ಲಫ್ಸ್
ಮಾರ್ಚ್ 12

ಅಮ್ಮ,

ನಿನ್ನ ಪತ್ರವನ್ನು ಮೊದಲ ಸಲ ಓದಿದಾಗ ನನ್ನೊಳಗೆ ಒಂದು ಕೆಟ್ಟ ಖುಷಿ ಆಯಿತು. ಪರದೆ ಬದಲಾದ ಮನೆಯ ಮುಂದೆ ನಿಂತರೆ ಹೇಗಿರುತ್ತದೆ ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತಾಯಿತಲ್ಲ ಅಂತ. ಎರಡನೆಯ ಸಲ ಓದಿದಾಗ, ಗೊತ್ತಾದದ್ದು ಅಪ್ಪನಿಗೆ ಅನ್ನುವುದು ಹೊಳೆಯಿತು. ಅಪ್ಪ ಟೋಪಿ ಹಿಡಿದು ನಿಂತಿರುವುದು ಕಣ್ಣಿಗೆ ಕಟ್ಟಿ, ಸೌಟು ಕೈಯಲ್ಲಿರುವಾಗಲೇ ಅಳು ಬಂತು. ಮಕ್ಕಳೆಲ್ಲ ನೋಡಿದರು.

ಹೊಸ ಗಾಡಿಗೆ ಅಟ್ಟ ಇದೆ ಅಂತ ನೀನು ಬರೆದಿದ್ದೆ. ನನಗೆ ಏಳೋ ಎಂಟೋ ವರ್ಷವಿದ್ದಾಗ ಅಂಕಲ್ ಓರಿನ್ ಅವರ ಗಾಡಿ ಕೇಳಿಕೊಂಡು ಬ್ಲ್ಯಾಕ್ ಹಿಲ್ಸ್ ಬೆಟ್ಟಕ್ಕೆ ಹೋಗುತ್ತಿದ್ದೆವಲ್ಲ, ಬೇಸಿಗೆ ಬೇಸಿಗೆಗೂ? ಅದಕ್ಕೂ ಹಾಗೇ ಇತ್ತು, ಅಪ್ಪನ ತಲೆಯ ಮೇಲೆ. ಅಲ್ಲಿ ಮಲಗುತ್ತಿದ್ದವಳು ನಾನು. ಅಪ್ಪ ಕೀಲಿ ತಿರುಗಿಸುವ ಮೊದಲು ಎಲ್ಲರೂ ಬಂದ್ರಾ ಅಂತ ಕೇಳುತ್ತಿದ್ದ. ನಾನು ಮೇಲಿನಿಂದ ಹಲಗೆಗೆ ಮೂರು ಸಲ ಕುಟ್ಟುತ್ತಿದ್ದೆ. ಕುಟ್ಟದೆ ಅವನು ಗಾಡಿ ಎತ್ತುತ್ತಿರಲಿಲ್ಲ, ಸಂಜೆ ಮಲಗುತ್ತಲೂ ಇರಲಿಲ್ಲ. ಸುಮ್ಮನೆ ಸತಾಯಿಸೋಣ ಅಂತ ನಾನು ಒಂದೊಂದು ಸಲ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಅವನೂ ಕಾಯುತ್ತಿದ್ದ.

ಅಲ್ಲಿನ ಕೋಟುಗಳನ್ನು ತೆಗೆದು ಹಾಸಿಗೆ ಹಾಸಿ ನೋಡು. ಕುಟ್ಟಿ ನೋಡು. ಕೆಲಸಕ್ಕೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ.

ಬರುತ್ತೇನೆ ಅಂತಲೂ ಹೇಳುತ್ತಿಲ್ಲ.

ಟ್ವೈಲಾ


ಕ್ವಾರ್ಟ್ಸೈಟ್
ಮಾರ್ಚ್ 26

ಮಗಳೇ,

ಅರವತ್ತೊಂಬತ್ತರ ಮುದುಕಿ ಅಟ್ಟ ಹತ್ತುವುದನ್ನು ನೀನು ನೋಡಬೇಕಿತ್ತು. ಏಣಿಯ ಮೂರನೆಯ ಮೆಟ್ಟಿಲಲ್ಲಿ ಮಂಡಿ ಹಿಡಿಯಿತು. ಲವೊನ್ ಹಿಂದಿನಿಂದ ದಬ್ಬಿದಳು. ಗೋಣಿಚೀಲದ ಹಾಗೆ ಒಳಗೆ ಬಿದ್ದೆ. ಏಣಿಯಿಂದ ಇಳಿಯುವುದೇ ಕ್ಷೇಮ ಅಂತ ಆ ಅಂಗಡಿಯವನ ಮುಂದೆ ಜಂಬ ಕೊಚ್ಚಿದ್ದೆನಲ್ಲ, ಅದಕ್ಕೆ ತಕ್ಕ ಶಾಸ್ತಿ. ಸೂರು ಮೂಗಿಗೆ ತಾಗುತ್ತದೆ. ಮಗ್ಗುಲಾಗಬೇಕಾದರೆ ಯೋಜನೆ ಹಾಕಬೇಕು. ಲವೊನ್ ಕೆಳಗಿನಿಂದ, "ಆರ್ಡಿತ್, ಇಳಿಸೋಕೆ ಅಗ್ನಿಶಾಮಕದವರನ್ನ ಕರೀಬೇಕೋ, ಪಾದ್ರಿನ ಕರೀಬೇಕೋ?" ಅಂತ ಕೇಳಿ ಹೋದಳು.

ಸಂಜೆ ನಿನ್ನಪ್ಪ ಮೆಟ್ಟಿಲ ಕೆಳಗೆ ಬಂದು ನಿಂತರು. ನಾನು ಬನ್ನಿ ಅನ್ನಲಿಲ್ಲ. ಹಲಗೆಗೆ ಮೂರು ಸಲ ಕುಟ್ಟಿದೆ.

ಹೊರಗೆ ಸದ್ದಿಲ್ಲ. ಇನ್ನೊಮ್ಮೆ ಕುಟ್ಟಿದೆ. ಗಾಡಿ ಒಂದು ಕಡೆಗೆ ವಾಲಿತು, ಅವರು ಹತ್ತಿದ್ದರು. ಯಾರೂ ಕರೆಯದೆ ಹತ್ತಿದ್ದರು, ಟ್ವೈಲಾ. ಬೂಟು ಬಿಚ್ಚಿದ ಸದ್ದು, ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿದ ಸದ್ದು. ಆಮೇಲೆ ಅಟ್ಟದ ಕೆಳಗೆ ಬಂದು ನಿಂತರು.

"ಹಲ್ಲುಜ್ಜಿದ್ಯಾ?"

ನಾನು ಬಾಯಿಗೆ ಕಂಬಳಿ ತುರುಕಿಕೊಂಡು ಹೂಂ ಅಂದೆ. ಒಳ್ಳೆ ಹುಡುಗಿ ಅಂದರು. ಮಲಗಿದರು. ಹಾಸಿಗೆಯ ಮೇಲೆ, ಕಾಲು ಚಾಚಿ, ಬೆಳಗಿನವರೆಗೆ. ಜನವರಿಯಿಂದ ಮೊದಲ ಸಲ. ಅಂದಿನಿಂದ ದಿನಾ ಹೀಗೇ. ಪೊಲೀಸಿನ ಹುಡುಗ ಎರಡು ಸಲ ಬಂದು ನೋಡಿ ಹೋಗಿದ್ದಾನೆ, ಬರೆದುಕೊಳ್ಳಲು ಏನೂ ಸಿಕ್ಕಿಲ್ಲ.

ನಿನಗೆ ಥ್ಯಾಂಕ್ಸ್ ಹೇಳಿ ಪತ್ರ ಮುಗಿಸಬೇಕಿತ್ತು. ಆಗುತ್ತಿಲ್ಲ. ನಾನು ಮೇಲೆ ನೀನಾಗಿ ಮಲಗುತ್ತೇನೆ, ಅವರು ಕೆಳಗೆ ನಿನ್ನ ಅಪ್ಪನಾಗಿ ಮಲಗುತ್ತಾರೆ. ಆ ಹಾಸಿಗೆಯಲ್ಲಿ ಪಕ್ಕಕ್ಕೆ ಸರಿದು ನನ್ನ ಜಾಗ ಬಿಟ್ಟೇ ಮಲಗುತ್ತಾರೆ. ಆ ಜಾಗಕ್ಕೆ ನಾನು ಹೋಗುವಂತಿಲ್ಲ. ಇಳಿದರೆ ನಾನು ಮತ್ತೆ ಕಾಫಿ ಕೊಡುವ ಹೆಂಗಸು. ಅಮ್ಮ ಎಲ್ಲಿ ಅಂತ ಕೇಳುತ್ತಾರೆ, ಬಟ್ಟೆ ಒಗೆಯಲು ಹೋಗಿದ್ದಾಳೆ ಅಂತ ಮೇಲಿನಿಂದ ಸಣ್ಣ ದನಿ ಮಾಡಿ ಹೇಳುತ್ತೇನೆ. ಎಷ್ಟು ಬಟ್ಟೆ ಅಂತ ಒಗೆಯಲಿ?

ಈ ಆಟವೂ ಏಪ್ರಿಲ್ ಹದಿನೈದಕ್ಕೆ ಮುಗಿಯುತ್ತದೆ. ಮೇಲಿನಿಂದ ಕುಟ್ಟಿದರೆ ಅವರು ಕೂರುತ್ತಾರೆ. ಆದರೆ ಓಡಿಸುವವಳು ನಾನು. ಮೇಲೂ ಇದ್ದು ಸ್ಟೀರಿಂಗ್ ಮುಂದೆಯೂ ಇರುವುದು ಹೇಗೆ? ಲವೊನ್ ಒಪ್ಪಿದಳು, ಹತ್ತಲು ಅವಳ ಸೊಂಟ ಒಪ್ಪಲಿಲ್ಲ. ಗಾಡಿ ಓಡುವಾಗ ಅಲ್ಲಿ ಮಲಗುವುದು ಅಪಾಯ ಅಂತಲೂ ಗೊತ್ತು. ಅವರು ಓಡುವ ಗಾಡಿಯಿಂದ ಇಳಿಯುವುದಕ್ಕಿಂತ ದೊಡ್ಡ ಅಪಾಯ ಅಲ್ಲ. ಈಗಲೇ ಮಧ್ಯಾಹ್ನದ ಬಿಸಿಲಿಗೆ ಬಾಗಿಲ ಹಿಡಿ ಮುಟ್ಟಲಾಗುತ್ತಿಲ್ಲ. ಸುತ್ತಲಿನವರು ಒಬ್ಬೊಬ್ಬರೇ ಹೊರಡುತ್ತಿದ್ದಾರೆ, ಅವರ ಕಲ್ಲುಗಳು ಮಾತ್ರ ಉಳಿಯುತ್ತಿವೆ.

ಇಷ್ಟು ಪರಿಸ್ಥಿತಿ. ನಿನಗೆ ಗೊತ್ತಿರಲಿ ಅಂತ ಬರೆದೆ, ಅಷ್ಟೆ.

ಅಮ್ಮ

ಇಲ್ಲ, ಅಷ್ಟೇ ಅಲ್ಲ. ಕವರು ಅಂಟಿಸಿ ಮತ್ತೆ ಹರಿದೆ. ನಿನ್ನ ಮನೆಯನ್ನು ನಿನಗೆ ಹೇಳದೆ ಮಾರಿದವಳು ಯಾವ ಮುಖ ಇಟ್ಟುಕೊಂಡು ಕೇಳಬೇಕೋ ಗೊತ್ತಿಲ್ಲ. ಇರುವ ಮುಖದಲ್ಲೇ ಕೇಳುತ್ತಿದ್ದೇನೆ. ಬಾ, ಟ್ವೈಲಾ. ಅವರನ್ನು ಬೀಗದ ಮನೆಗೆ ಕೊಡಲು ನನ್ನಿಂದ ಆಗುವುದಿಲ್ಲ.


ಕೌನ್ಸಿಲ್ ಬ್ಲಫ್ಸ್
ಏಪ್ರಿಲ್ 4

ಅಮ್ಮ,

ಹದಿಮೂರನೇ ತಾರೀಖು ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬ್ಲೈತಿನಲ್ಲಿ ಇಳಿಯುತ್ತೇನೆ. ಲವೊನ್ ಅವರನ್ನು ಕಾರು ತರಲು ಹೇಳು. ಅಪ್ಪನ ಕಣ್ಣಿಗೆ ನಾನು ಮೊದಲು ಬೀಳಬಾರದು. ನಲವತ್ತೈದರ ದಪ್ಪ ಹೆಂಗಸನ್ನು ಮಗಳು ಅಂತ ತೋರಿಸಿ ಅವನನ್ನು ಇನ್ನಷ್ಟು ಗೊಂದಲ ಮಾಡುವುದು ಬೇಡ. ಅವನು ಹೊರಗಿರುವಾಗ ಅಟ್ಟ ಹತ್ತಿಬಿಡುತ್ತೇನೆ. ನೀನು ಓಡಿಸು, ನಾನು ಮಲಗುತ್ತೇನೆ. ಪೊಲೀಸರು ಹಿಡಿದರೆ ದಂಡ ನಿನ್ನದು.

ದಾರಿಯಲ್ಲಿ ರೆಡ್ ಓಕಿನ ಮಾತು ಬೇಡ. ನೀನೂ ಎತ್ತಬೇಡ, ನಾನೂ ಎತ್ತುವುದಿಲ್ಲ.

ಟ್ವೈಲಾ


ಕೌನ್ಸಿಲ್ ಬ್ಲಫ್ಸ್
ಮೇ 17

ಅಮ್ಮ,

ನಿನ್ನ ಕಾರ್ಡು ಬಂತು. ಪೈನ್ ಮರಗಳ ಕೆಳಗೆ ತಿಂಗಳ ಬಾಡಿಗೆಗೆ ಜಾಗ ಸಿಕ್ಕಿದ್ದು ಒಳ್ಳೆಯದಾಯಿತು. ಸಂಜೆ ಸಂಜೆ ನೀನು ಇನ್ನೂ ಏಣಿ ಹತ್ತಿ ಕುಟ್ಟುತ್ತಿದ್ದೀಯ ಅಂತ ಬರೆದಿದ್ದೀಯ. ಅಂಗೈ ನೋಯುತ್ತದೆ ಅಂತಲೂ. ಮರದ ಸೌಟು ಇಟ್ಟುಕೋ.

ನಾವು ಮಾತು ಉಳಿಸಿಕೊಂಡೆವು. ರೆಡ್ ಓಕಿನ ಹೆಸರು ಎತ್ತಲಿಲ್ಲ. ಹಾಗಾಗಿ ಬೇರೆ ಏನನ್ನೂ ಎತ್ತಲಿಲ್ಲ. ನೀನು ನನ್ನನ್ನು ಬಸ್ಸು ಹತ್ತಿಸುವಾಗ ಕಟ್ಟಿಕೊಟ್ಟ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ, ಓಮಾಹಾವರೆಗೂ ತೊಡೆಯ ಮೇಲೇ ಇತ್ತು.

ಒಂದು ವಿಷಯ ನಿನಗೆ ಹೇಳಿಲ್ಲ. ಒಂದು ತಿಂಗಳಿನಿಂದ ಹೇಳಲೋ ಬೇಡವೋ ಅಂತ ಒದ್ದಾಡುತ್ತಿದ್ದೇನೆ. ಹೇಳಿದರೆ ನೀನು ಅದನ್ನೇ ಕಾಯುತ್ತಾ ಕೂರುತ್ತೀಯ ಅಂತ ಭಯ. ಹೇಳದಿದ್ದರೆ ನಿನ್ನದನ್ನು ನಾನು ಕದ್ದಿಟ್ಟುಕೊಂಡ ಹಾಗೆ.

ಫ್ಲ್ಯಾಗ್‌ಸ್ಟಾಫಿನ ದಾರಿಯ ಯಾರ್ನೆಲ್ ಏರು ನೆನಪಿದೆಯಲ್ಲ. ಇಂಜಿನ್ ಕಾದು ಕೂಗುತ್ತಿತ್ತು, ನಮ್ಮ ಹಿಂದೆ ಕಾರುಗಳ ಸಾಲು ಹಾರ್ನ್ ಹೊಡೆಯುತ್ತಿತ್ತು, ನೀನು ಹಲ್ಲು ಕಚ್ಚಿಕೊಂಡು ಹಳೆಯ ಗಾಡಿಯನ್ನು ಬೈದುಕೊಂಡು ಹತ್ತಿಸಿದೆ. ನಾನು ಸೂರಿಗೆ ಮೂಗು ಒತ್ತಿ, ಅಪ್ಪ ಎಲ್ಲಿ ಬಾಗಿಲು ತೆಗೆಯುತ್ತಾನೋ ಅಂತ ಸುಮ್ಮ ಸುಮ್ಮನೆ ಕುಟ್ಟುತ್ತಲೇ ಇದ್ದೆ. ಏರು ಮುಗಿದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನೀನು ದುಡ್ಡು ಕೊಡಲು ಒಳಗೆ ಹೋದೆ. ಗಾಡಿ ನಿಂತಿತಲ್ಲ, ಈಗ ಇಳಿದುಬಿಡುತ್ತಾನೆ ಅಂತ ನಾನು ಜೋರಾಗಿ ಕುಟ್ಟಿದೆ.

ಅಪ್ಪ ಕೆಳಗಿನಿಂದ ಹಲಗೆಯ ಮೇಲೆ ಅಂಗೈ ಇಟ್ಟ. ಅದರ ಒತ್ತು ನನ್ನ ಬೆನ್ನಿಗೆ ಗೊತ್ತಾಯಿತು.

"ಮೆತ್ತಗೆ ಕುಟ್ಟು ಮರಿ. ನಿಮ್ಮಮ್ಮಂಗೆ ಸಾಕಾಗಿದೆ. ಬೆಳಗ್ಗಿಂದ ಒಬ್ಳೇ ಓಡಿಸ್ತಿದಾಳೆ."

ನಾನು ಉಸಿರು ಬಿಗಿಹಿಡಿದೆ. ಕಿಟಕಿಯಿಂದ ನೀನು ಕಾಣುತ್ತಿದ್ದೆ. ಚಿಲ್ಲರೆ ಎಣಿಸಿ ಪರ್ಸಿಗೆ ಹಾಕಿ, ಗೋಡೆಗೆ ಒಂದು ಕೈ ಊರಿ, ಕಣ್ಣು ಮುಚ್ಚಿ ನಿಂತಿದ್ದೆ. ಬೇಗ ಬಾ ಅಂತ ಕೂಗಬೇಕು ಅನ್ನಿಸಿತು. ಕೂಗಿದರೆ ನನ್ನ ಈ ಗಂಟಲು ಕೇಳಿ ಅವನು ಎಲ್ಲವನ್ನೂ ಕಳೆದುಕೊಂಡರೆ ಅಂತ ಸುಮ್ಮನಾದೆ. ನೀನು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಅವನ ಕೈ ಹಲಗೆಯಿಂದ ಇಳಿದಿತ್ತು. ಟೋಪಿ ತೆಗೆದು, ಇಷ್ಟು ದೂರ ಕರೆದುಕೊಂಡು ಬಂದಿರಿ, ನಿಮಗೆ ತೊಂದರೆಯಾಯಿತು ಅಂತ ನಿನಗೆ ಉಪಕಾರ ಹೇಳಿದ. ನೀನು ಪರವಾಗಿಲ್ಲ ಬಿಡಿ ಅಂದೆ.

ಅವನಿಗೆ ಗೊತ್ತಿತ್ತು, ಅಮ್ಮ. ನೀನು ಚಿಲ್ಲರೆ ಎಣಿಸುವಷ್ಟು ಹೊತ್ತು ಗೊತ್ತಿತ್ತು.

ಶಾಲೆ ಜೂನ್ ಐದಕ್ಕೆ ಮುಚ್ಚುತ್ತದೆ. ಆಮೇಲೆ ಸಂಜೆ ಕುಟ್ಟುವ ಕೆಲಸ ನನ್ನದು. ನೀನು ಕೆಳಗಿನ ಹಾಸಿಗೆಯ ಹತ್ತಿರವೇ ಇರು. ಮತ್ತೆ ಯಾವಾಗಲಾದರೂ ಅವನು ಹಾಗೆ ಹೇಳಿದರೆ ನೀನು ದುಡ್ಡು ಕೊಡಲು ಹೋಗಿರಬಾರದು.

ಅಟ್ಟದ ಮೇಲಿನ ಹಾಸಿಗೆ ಮಡಿಸಬೇಡ.

ನಿನ್ನ ಟ್ವೈಲಾ